ಕಪ್ಪುಕುಳಿಯನ್ನು ತೂಗಿದ ಬಗೆ

ಕಾರವಾರದ ಕಡಲತೀರದಲ್ಲಿ ದೂರದರ್ಶಕ ಹೂಡಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, 2019ರಲ್ಲಿ ಫೋಟೋ ಸಿಕ್ಕ ಮೇಲೇ ಅಲ್ವಾ ಕಪ್ಪುಕುಳಿ ಇರೋದು ಖಾತ್ರಿ ಆಗಿದ್ದು? ಅಲ್ಲೀತನಕ ಬರೀ ಲೆಕ್ಕಾಚಾರ ತಾನೇ?" ನನ್ನ ಪದವಿ ತರಗತಿಯ ಮಕ್ಕಳೂ ಉತ್ತರಪತ್ರಿಕೆಯಲ್ಲಿ ಇದನ್ನೇ ಬರೆದಿಡುತ್ತಾರೆ. ತಪ್ಪು. ಬೆಳಕನ್ನೂ ಹೊರಬಿಡದಷ್ಟು ಗುರುತ್ವದ ಈ ಕಾಯ ಇದೆಯೆಂದು, ಆ ಚಿತ್ರ ಬರುವ ಎಷ್ಟೋ ವರ್ಷ ಮೊದಲೇ ಬಹುತೇಕ ಖಗೋಳವಿಜ್ಞಾನಿಗಳು ಒಪ್ಪಿಯಾಗಿತ್ತು. ಅವರನ್ನು ಒಪ್ಪಿಸಿದ್ದು ತೂಕ.

ಬರೀ ಲೆಕ್ಕಕ್ಕೆ ಯಾರೂ ಮಣಿದಿರಲಿಲ್ಲ, ಅದು ನಿಜ. 1916ರಲ್ಲಿ ಜರ್ಮನ್ ವಿಜ್ಞಾನಿ ಶ್ವಾರ್ಟ್ಸ್‌ಚೈಲ್ಡ್ ಐನ್‌ಸ್ಟೈನರ ಗುರುತ್ವ ಸಮೀಕರಣ ಬಿಡಿಸಿ ಕೊಟ್ಟಿದ್ದರೂ, ಇಂಥದ್ದು ನಿಸರ್ಗದಲ್ಲಿ ಉಂಟಾಗದು ಎಂದು 1939ರಲ್ಲಿ ಸ್ವತಃ ಐನ್‌ಸ್ಟೈನ್ ಪ್ರಬಂಧ ಬರೆದರು. ಅದಕ್ಕೂ ಮೊದಲು, 1935ರಲ್ಲಿ, ಲಂಡನ್ನಿನ ಸಭೆಯಲ್ಲಿ ಹೆಸರಾಂತ ಖಗೋಳವಿಜ್ಞಾನಿ ಎಡಿಂಗ್ಟನ್ ಎಲ್ಲರೆದುರು, ಭಾರದ ನಕ್ಷತ್ರ ಉರಿದು ಮುಗಿದ ಮೇಲೆ ಕುಸಿಯುತ್ತಲೇ ಹೋಗುತ್ತದೆಂಬ ಚಂದ್ರಶೇಖರರ ವಾದವನ್ನು ಅಲ್ಲಗಳೆದಿದ್ದರು. ಚಂದ್ರಶೇಖರರಿಗೆ ಆಗ 24 ವರ್ಷ. ಆ ಹುಡುಗನನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಈಗ ತೂಕದ ವಿಷಯ, ನಿಧಾನವಾಗಿ ಓದಿ. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1ರಿಂದ ಕ್ಷ-ಕಿರಣ ಬರುವುದು 1964ರ ರಾಕೆಟ್ ಹಾರಾಟದಲ್ಲೇ ತಿಳಿದಿತ್ತು. 1971ರಲ್ಲಿ ವೆಬ್‌ಸ್ಟರ್ ಮತ್ತು ಮರ್ಡಿನ್, ಅವರಿಂದ ಪ್ರತ್ಯೇಕವಾಗಿ ಬೋಲ್ಟನ್, ಅಲ್ಲಿದ್ದ ನೀಲಿ ದೈತ್ಯ ನಕ್ಷತ್ರದ ರೋಹಿತವನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು, ಪರೀಕ್ಷಿಸಿದರು. ರೋಹಿತದ ರೇಖೆಗಳು ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿಯುತ್ತಿದ್ದವು. ಅಂದರೆ ನಕ್ಷತ್ರ ಒಮ್ಮೆ ನಮ್ಮತ್ತ ಬರುತ್ತದೆ, ಒಮ್ಮೆ ದೂರ ಸರಿಯುತ್ತದೆ, 5.6 ದಿನಕ್ಕೊಂದು ಸುತ್ತು. ಕಾಣದ ಸಂಗಾತಿಯೊಂದು ಅದನ್ನು ಎಳೆದು ಸುತ್ತಿಸುತ್ತಿದೆ. ಸುತ್ತಿನ ವೇಗ, ಅವಧಿ ಗೊತ್ತಿದ್ದು, ನಕ್ಷತ್ರದ ತೂಕದ ಅಂದಾಜಿದ್ದರೆ ಎಳೆಯುವುದರ ತೂಕವೂ ಸಿಗುತ್ತದೆ. ಬೈತಖೋಲದ ಮೀನುಗಾರರು ಬಲೆ ಇನ್ನೂ ನೀರಲ್ಲಿರುವಾಗಲೇ, ಬೋಟು ವಾಲುವುದನ್ನು ನೋಡಿ ಮೀನೆಷ್ಟು ಬಿದ್ದಿದೆ ಅನ್ನುತ್ತಾರಲ್ಲ, ಹಾಗೆ. ಈ ಸಂಗಾತಿಯ ತೂಕ, ಸತ್ತ ನಕ್ಷತ್ರದ ತೀರಾ ಒತ್ತಾದ ತಿರುಳಾದ ನ್ಯೂಟ್ರಾನ್ ನಕ್ಷತ್ರ ತಾಳಬಲ್ಲ ಮಿತಿಯನ್ನು, ಅಂದರೆ ಸುಮಾರು 3 ಸೂರ್ಯರಷ್ಟನ್ನು, ಮೀರುವಂತಿತ್ತು. ಇತ್ತೀಚಿನ ಅಳತೆಯಲ್ಲಿ ಅದು ಸುಮಾರು 21. ಅಷ್ಟು ತೂಕದ ಮಾಮೂಲಿ ನಕ್ಷತ್ರವಾಗಿದ್ದರೆ ಹೊಳೆಯಲೇಬೇಕಿತ್ತು. ಕ್ಷ-ಕಿರಣವೋ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಏರಿಳಿಯುತ್ತಿತ್ತು. ಮೂಲ ತೀರಾ ಚಿಕ್ಕದಿದ್ದರಷ್ಟೇ ಇದು ಸಾಧ್ಯ.

ಮರುದಿನವೇ ಎಲ್ಲರೂ ಒಪ್ಪಿದರು ಎಂದು ನಾನು ಹೇಳುತ್ತಿಲ್ಲ. ಆ ನಕ್ಷತ್ರದ ದೂರ, ತೂಕ ಎರಡೂ ಆಗ ಪಕ್ಕಾ ಇರಲಿಲ್ಲ. ಇದು ಕಪ್ಪುಕುಳಿಯಲ್ಲ ಎಂದು ಭೌತವಿಜ್ಞಾನಿ ಕಿಪ್ ಥಾರ್ನ್ ಜೊತೆ ಬಾಜಿ ಕಟ್ಟಿದ್ದ ಸ್ಟೀಫನ್ ಹಾಕಿಂಗ್ ಸೋಲೊಪ್ಪಿದ್ದು 1990ರಲ್ಲಿ.

ನಮ್ಮವರದೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕ ಸಿ.ವಿ. ವಿಶ್ವೇಶ್ವರ, ಕಲಕಿದ ಕಪ್ಪುಕುಳಿ ಗುರುತ್ವ ಅಲೆ ಹೊಮ್ಮಿಸುತ್ತ ಹೇಗೆ ಕಂಪಿಸಿ ಅಡಗುತ್ತದೆಂದು 1970ರಲ್ಲೇ ಲೆಕ್ಕ ಹಾಕಿದ್ದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆ ಹಿಡಿಯುವ ಅಮೆರಿಕದ ಲೈಗೋ ಉಪಕರಣಕ್ಕೆ ಸಿಕ್ಕ ಅಲೆಯ ಕೊನೆ ಹಾಗೆಯೇ ಇತ್ತು. 2017ರಲ್ಲಿ ತೀರಿಕೊಳ್ಳುವ ಮುನ್ನ ಅದನ್ನವರು ಕಂಡರು ಎಂಬುದು ದೊಡ್ಡ ಸಮಾಧಾನ.

ಫೋಟೋ ನಿಷ್ಪ್ರಯೋಜಕವೇನಲ್ಲ. 2019ರ ಆ ಫೋಟೋದಲ್ಲಿ ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತ ಕಂಡ ಬೆಳಕಿನ ಉಂಗುರದ ಅಗಲದಿಂದ ಸಿಕ್ಕ ತೂಕ 650 ಕೋಟಿ ಸೂರ್ಯರಷ್ಟು. ಅಲ್ಲಿನ ನಕ್ಷತ್ರಗಳ ಚಲನೆ ಅಳೆದವರು ಅದಕ್ಕೂ ಮೊದಲೇ ಹತ್ತಿರ ಹತ್ತಿರ ಅಷ್ಟನ್ನೇ ಹೇಳಿದ್ದರು.