ಸಣ್ಣ ಮಿಂಚುಳ್ಳಿ: ಕಿವಿ, ಕಣ್ಣು, ಬಿಲ

ಸಣ್ಣ ಮಿಂಚುಳ್ಳಿಯ ವೈಜ್ಞಾನಿಕ ಹೆಸರು ಆಲ್ಸೆಡೊ ಆಥಿಸ್. ಯುರೋಪಿನಿಂದ ಸೊಲೊಮನ್ ದ್ವೀಪಗಳವರೆಗೆ ಹರಡಿರುವ ಇದರಲ್ಲಿ 7 ಉಪಪ್ರಭೇದಗಳಿವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು ಟಾಪ್ರೊಬಾನ. ಅದರ ಬೆನ್ನಿನಲ್ಲಿ ಹಸಿರು ಛಾಯೆ ಕಡಿಮೆ, ನೀಲಿ ಗಾಢ. ಹಕ್ಕಿಯ ಒಟ್ಟು ಉದ್ದ 16–17 ಸೆಂ.ಮೀ., ಅಂದರೆ ಹೆಚ್ಚುಕಮ್ಮಿ ಗುಬ್ಬಚ್ಚಿಯಷ್ಟು. ಅದರಲ್ಲೂ ಒಂದಷ್ಟು ಪಾಲು ಕೊಕ್ಕಿನದೇ.

ಗುರುತಿಸುವಾಗ ನೀಲಿ ಬಣ್ಣವನ್ನು ನಂಬಿ ಕೂರಬೇಡಿ, ಕಿವಿ ನೋಡಿ. ಕಣ್ಣಿನ ಹಿಂದೆ ಕಿತ್ತಳೆ ಪಟ್ಟಿ, ಅದರ ಹಿಂದೆ ಬಿಳಿ ಮಚ್ಚೆ ಇದ್ದರೆ ಸಣ್ಣ ಮಿಂಚುಳ್ಳಿ. ಆ ಜಾಗವೂ ನೀಲಿಯಾಗಿದ್ದರೆ ಅದು ನೀಲಿಕಿವಿ ಮಿಂಚುಳ್ಳಿ. ಆದರೆ ಇಲ್ಲೊಂದು ಮೋಸವಿದೆ: ನೀಲಿಕಿವಿಯ ಮರಿಗೂ ಕಿವಿಯ ಮೇಲೆ ಕೆಂಗಂದು ಇರುತ್ತದೆ. ಆಗ ಬೆನ್ನಿನ ಗಾಢ ನೀಲಿಯನ್ನೂ ಜಾಗವನ್ನೂ ಒಟ್ಟಿಗೆ ತೂಗಿ ನೋಡಬೇಕು. ನೀಲಿಕಿವಿಯದು ದಟ್ಟ ಕಾಡಿನ ನೆರಳು ತೊರೆ. ಬಯಲಿನ ಕೆರೆ, ಕಾಲುವೆಗಳಲ್ಲಿ ಕಾಣುವುದು ಸಾಮಾನ್ಯವಾಗಿ ಸಣ್ಣ ಮಿಂಚುಳ್ಳಿಯೇ.

ಗಂಡು ಹೆಣ್ಣು ತಿಳಿಯಲು ಕೊಕ್ಕು ಸಾಕು. ಗಂಡಿಗೆ ಪೂರ್ತಿ ಕಪ್ಪು. ಹೆಣ್ಣಿನ ಕೆಳಗೊಕ್ಕು ಬುಡದಿಂದ ಕಿತ್ತಳೆಗೆಂಪು. ಮರಿಯ ಕೊಕ್ಕೂ ಕಪ್ಪಾದ್ದರಿಂದ ಹಲವರು ಅದನ್ನು ಗಂಡೆಂದು ಬರೆದುಬಿಡುತ್ತಾರೆ. ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕೆ, ಮಂಕು ಬಣ್ಣದ ಕಾಲು ಇದ್ದರೆ ಮರಿ.

ಇನ್ನು ಆ ನೀಲಿ. ಹೊಟ್ಟೆಯ ಕಿತ್ತಳೆ ನಿಜವಾದ ವರ್ಣಕ, ಅಂದರೆ ಗರಿಯಲ್ಲೇ ಇರುವ ಬಣ್ಣದ ವಸ್ತು. ಬೆನ್ನಿನ ನೀಲಿ ಹಾಗಲ್ಲ. ಗರಿಯ ಎಳೆಗಳೊಳಗೆ ಕೆರಟಿನ್ (ಗರಿ, ಉಗುರುಗಳನ್ನು ಮಾಡಿರುವ ಪ್ರೋಟೀನು) ಸ್ಪಂಜಿನಂತೆ ಅತಿಸೂಕ್ಷ್ಮ ಗಾಳಿಗಂಡಿಗಳಿಂದ ತುಂಬಿದೆ. ಅದು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಹಿಂದಕ್ಕೆ ಚದುರಿಸುತ್ತದೆ. ಬಿದ್ದ ನೀಲಿ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ನೀಲಿ ಮಾಯವಾಗಿ ಕಂದು ಕಾಣುತ್ತದೆ. ನೆರಳಲ್ಲಿ ಕೂತ ಹಕ್ಕಿ ಮಂಕಾಗಿ ಕಾಣುವುದೂ, ಹಾರಿದೊಡನೆ ಬೆನ್ನು ಮಿಂಚುವುದೂ ಬೆಳಕಿನದೇ ಆಟ.

ಬೇಟೆಯಲ್ಲೂ ಬೆಳಕೇ ತೊಡಕು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ (ವಕ್ರೀಭವನ) ನೀರಿನೊಳಗಿನ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೂ 20 ಸೆಂ.ಮೀ. ಆಳದ ಮೀನು 15 ಸೆಂ.ಮೀ.ನಲ್ಲಿದ್ದಂತೆ ತೋರುತ್ತದೆ, ಓರೆಯಿಂದ ನೋಡಿದಷ್ಟೂ ತಪ್ಪು ಹೆಚ್ಚು. ಹಾಗಾಗಿ ನೀರಿನಿಂದ ಒಂದೆರಡು ಮೀಟರ್ ಎತ್ತರದ ಕೊಂಬೆಯಿಂದ ಕಡಿದಾಗಿ ಎರಗುವುದೇ ಅದಕ್ಕೆ ಲಾಭ. ಎರಗುವ ಮುನ್ನ ತಲೆ ಮೇಲೆ ಕೆಳಗೆ ಆಡಿಸಿ ದೂರ ಅಂದಾಜಿಸುತ್ತದೆ. ಕಣ್ಣಿನೊಳಗೆ ಬಣ್ಣ ಗುರುತಿಸುವ ಕೋಶಗಳಲ್ಲಿರುವ ಕೆಂಪು ಎಣ್ಣೆಹನಿಗಳು ನೀರಿನ ಪ್ರತಿಫಲನದ ಝಳ ತಗ್ಗಿಸುತ್ತವೆ. ಮುಳುಗುವಾಗ ಪಾರದರ್ಶಕ ಮೂರನೇ ರೆಪ್ಪೆ ಕಣ್ಣನ್ನು ಮುಚ್ಚುತ್ತದೆ. ಕದಡಿದ ನೀರಿನಲ್ಲಿ ಇವ್ಯಾವೂ ಪ್ರಯೋಜನಕ್ಕೆ ಬರುವುದಿಲ್ಲ. ಮರಳುಗಾರಿಕೆಯಿಂದ ಹೊಳೆ ಕೆಂಪಾದ ಕಡೆ ಮೀನಿದ್ದರೂ ಮಿಂಚುಳ್ಳಿ ಉಪವಾಸ ಬೀಳುವುದು ಇದಕ್ಕೇ. ದಿನಕ್ಕೆ ದೇಹತೂಕದ ಸುಮಾರು 60% ಆಹಾರ ಬೇಕು: 30 ಗ್ರಾಂ ಹಕ್ಕಿಗೆ 18 ಗ್ರಾಂ. ಹೆಚ್ಚಿನವು 2–3 ಸೆಂ.ಮೀ.ನ ಪುಟ್ಟ ಮೀನುಗಳೇ ಆದ್ದರಿಂದ ಎಷ್ಟು ಸಲ ಮುಳುಗಬೇಕೆಂದು ನೀವೇ ಲೆಕ್ಕ ಹಾಕಿ.

ಹಿಡಿದ ಮೀನನ್ನು ಬಾಲದ ಕಡೆ ಕಚ್ಚಿ ಕೊಂಬೆಗೆ ಬಡಿಯುತ್ತದೆ. ಮೀನು ನಿಶ್ಚಲವಾಗುತ್ತದೆ, ಮುಳ್ಳುಗಳು ಮಡಚಿಕೊಳ್ಳುತ್ತವೆ. ನಂತರ ತಲೆ ಮೊದಲು ಮಾಡಿ ನುಂಗುತ್ತದೆ. ಬಾಲದಿಂದ ಹೋದರೆ ಈಜುರೆಕ್ಕೆ, ಹುರುಪೆಗಳು ಗಂಟಲಿಗೆ ಅಡ್ಡ ನಿಲ್ಲುತ್ತವೆ. ಅರಗದ ಎಲುಬನ್ನು ಉಂಡೆಯಾಗಿ ಕಕ್ಕುತ್ತದೆ. ಕ್ಷೇತ್ರದಲ್ಲಿ ಬಹಳ ಉಪಯೋಗಕ್ಕೆ ಬರುವ ಸುಳಿವು ಇಲ್ಲೇ ಇದೆ: ಮೀನಿನ ತಲೆ ಕೊಕ್ಕಿನಿಂದ ಹೊರಕ್ಕೆ ಚಾಚಿದ್ದರೆ ಅದು ತನಗಲ್ಲ, ಮರಿಗೆ ಅಥವಾ ಒಲಿಸಿಕೊಳ್ಳಬೇಕಾದ ಹೆಣ್ಣಿಗೆ. ಪಡೆಯುವವರೂ ತಲೆಯಿಂದಲೇ ನುಂಗಬೇಕಲ್ಲ!

ಗೂಡೆಂದರೆ ನೆಟ್ಟಗಿನ ಮಣ್ಣಿನ ದರೆಯಲ್ಲಿ ಕೊರೆದ ಸುರಂಗ. ಇಳಿಜಾರು ದರೆಯಾದರೆ ಹಾವು, ಮುಂಗುಸಿ ಸುಲಭವಾಗಿ ಹತ್ತುತ್ತವೆ. ಗಂಡು ಹೆಣ್ಣು ಎರಡೂ ಕೊಕ್ಕಿನಿಂದ ಕುಕ್ಕಿ, ಕಾಲಿನಿಂದ ಮಣ್ಣು ಹಿಂದಕ್ಕೆ ತಳ್ಳುತ್ತವೆ. ನಡುವೆ ಕಲ್ಲು ಸಿಕ್ಕರೆ ಅದನ್ನು ಬಿಟ್ಟು ಬೇರೆ ಕಡೆ ಕೊರೆಯುತ್ತವೆ. ಒಂದೇ ದರೆಯಲ್ಲಿ ಮೂರು ನಾಲ್ಕು ತೂತು ಕಂಡರೆ ಅಷ್ಟೂ ಗೂಡೆಂದು ಎಣಿಸಬೇಡಿ. ಸುರಂಗ ಸಾಮಾನ್ಯವಾಗಿ 60–90 ಸೆಂ.ಮೀ., ತುಸು ಮೇಲ್ಮುಖ, ಕೊನೆಯಲ್ಲಿ ದುಂಡು ಕೋಣೆ. ಹುಲ್ಲು ಹಾಸುವುದಿಲ್ಲ, ಕಾಲ ಕಳೆದಂತೆ ಕಕ್ಕಿದ ಎಲುಬೇ ಹಾಸಿಗೆಯಾಗುತ್ತದೆ.

ಮೊಟ್ಟೆ ಹೊಳೆಯುವ ಬಿಳಿ, ಸಾಮಾನ್ಯವಾಗಿ 6–7. ಹಗಲು ಇಬ್ಬರೂ, ರಾತ್ರಿ ಹೆಣ್ಣೊಂದೇ ಕಾವು ಕೂರುತ್ತದೆ; 19–20 ದಿನಕ್ಕೆ ಮರಿ. ಮತ್ತೆ 24–25 ದಿನ ಮರಿಗಳ ವಾಸ ಆ ಕತ್ತಲಲ್ಲೇ. ಮರಿಯ ಗರಿಗಳು ಬಹುಕಾಲ ಕೊಳವೆಯಂಥ ಪೊರೆಯೊಳಗೇ ಇರುತ್ತವೆ, ನೋಡಲು ಮುಳ್ಳುಹಂದಿ. ಅಷ್ಟು ಹೊಲಸಿನ ನಡುವೆ ಗರಿ ಕೆಡದಿರಲು ಇದೇ ಕಾರಣ. ತಾಯಿ ತಂದೆಗೆ ಆ ಸವಲತ್ತಿಲ್ಲ. ಹೊರಬಂದೊಡನೆ ನೀರಿಗೆ ಬಿದ್ದು ಮೈ ತೊಳೆದುಕೊಳ್ಳುತ್ತವೆ.

ಬಳಕೆಯಲ್ಲಿರುವ ಬಿಲದ ಬಾಯಿಯಿಂದ ಬಿಳಿ ಹಿಕ್ಕೆಯ ಗೆರೆ ಇಳಿದಿರುತ್ತದೆ. ಒಳಗೆ ಕಡ್ಡಿ ತೂರಿಸಿಯೋ ಟಾರ್ಚ್ ಬಿಟ್ಟೋ ನೋಡುವ ಅಗತ್ಯವೇ ಇಲ್ಲ. ದೂರ ಕೂತು ಗಮನಿಸಿ. ತಲೆ ಹೊರಗಿಟ್ಟ ಮೀನು ಹಿಡಿದ ಹಕ್ಕಿ ಬಿಲಕ್ಕೆ ಹೋಗದೆ ಕೊಂಬೆಯಲ್ಲೇ ತಲೆ ಆಡಿಸುತ್ತ ಕೂತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ಅದು ಒಳಗೆ ಹೋಗುವಷ್ಟು ಹಿಂದೆ ಸರಿಯಿರಿ.