ಬಾವು ಪಾದದಲ್ಲಿ, ಕಟ್ಟು ಕಿಬ್ಬೊಟ್ಟೆಯಲ್ಲಿ

ಬೆಳಿಗ್ಗೆ ಸಡಿಲವಾಗಿದ್ದ ಚಪ್ಪಲಿ ಪಟ್ಟಿಯ ಗುರುತು ಸಂಜೆಗೆ ಪಾದದ ಮೇಲೆ ಅಚ್ಚೊತ್ತಿರುತ್ತದೆ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬೇಗ ತುಂಬುವುದಿಲ್ಲ. ಒಳಗಿಣ್ಣಿನ ಸುತ್ತ ಚರ್ಮ ಕಪ್ಪಾಗಿ ಗಡುಸಾಗುತ್ತದೆ. ಕೆಲವರಿಗೆ ಅಲ್ಲೇ ಮಾಯದ ಹುಣ್ಣು. ಕಾಲಿನ ಆಳದ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ರಕ್ತ ಹೆಪ್ಪುಗಟ್ಟಿ, ಮಾತ್ರೆ ನುಂಗಿ ಪಾರಾದೆವು ಅಂದುಕೊಂಡವರಲ್ಲಿ ಶೇ 20ರಿಂದ 50ರಷ್ಟು ಮಂದಿಯನ್ನು ಈ ಕಾಟ ಬಿಡುವುದಿಲ್ಲ. ಹೆಪ್ಪು ಕರಗಿದರೂ ನಾಳದೊಳಗೆ ಗಾಯದ ನಾರು ಉಳಿಯುತ್ತದೆ, ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳು ಕೆಡುತ್ತವೆ.

ಈ ಹೆಪ್ಪು ಎಡಗಾಲಿನಲ್ಲೇ ಹೆಚ್ಚು ಎಂಬುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1851ರಲ್ಲೇ ಗಮನಿಸಿದ್ದರು. ಹೃದಯದಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ ಕಿಬ್ಬೊಟ್ಟೆಯಲ್ಲಿ ಎಡಗಾಲಿನ ಅಭಿಧಮನಿಯನ್ನು ದಾಟಿಯೇ ಹೋಗಬೇಕು. ಹಿಂದೆ ಬೆನ್ನುಮೂಳೆ, ಮುಂದೆ ಮಿಡಿಯುವ ಅಪಧಮನಿ. ನಡುವೆ ಸಿಕ್ಕ ಮೆತ್ತನೆಯ ನಾಳ ನಜ್ಜಾಗುತ್ತದೆ. 1957ರಲ್ಲಿ ಮೇ ಮತ್ತು ತುರ್ನರ್ ಎಂಬ ವೈದ್ಯರು 430 ಶವಗಳನ್ನು ಪರೀಕ್ಷಿಸಿದಾಗ ಶೇ 22ರಷ್ಟರಲ್ಲಿ ಅದೇ ಜಾಗದಲ್ಲಿ ನಾಳದ ಒಳಗೋಡೆ ದಪ್ಪಗಟ್ಟಿತ್ತು.

ಜಾಗ ತಿಳಿದರೂ ಮದ್ದು ಸಿಗಲಿಲ್ಲ. ಉರುಗ್ವೆಯ ಶಸ್ತ್ರವೈದ್ಯ ಪಾಲ್ಮಾ ಐವತ್ತರ ದಶಕದ ಕೊನೆಯಲ್ಲಿ ಒಳ್ಳೆಯ ಕಾಲಿನ ನಾಳವೊಂದನ್ನು ಅಡ್ಡಲಾಗಿ ತಂದು ಕೆಟ್ಟ ಕಾಲಿಗೆ ಬೆಸೆದರು. ದಾರಿ ಸರಿಮಾಡಲು ಆಗದಿದ್ದಾಗ ಬಳಸುದಾರಿ! ಆಮೇಲೆ ಬಂದದ್ದು ಸ್ಟೆಂಟ್, ನಾಳವನ್ನು ಒಳಗಿನಿಂದ ತೆರೆದಿಡುವ ಲೋಹದ ಬಲೆಕೊಳವೆ. ಹೃದಯಕ್ಕೆ ಹಾಕುವ ಸ್ಟೆಂಟ್‌ನ ಅಗಲ ಸುಮಾರು 3 ಮಿಲಿಮೀಟರ್; ಇಲ್ಲಿ ಬೇಕಾದದ್ದು 14ರಿಂದ 16. ಅಭಿಧಮನಿಗೆಂದೇ ಮಾಡಿದ್ದು ಇರಲಿಲ್ಲವಾದ್ದರಿಂದ ಬೇರೆ ಕೆಲಸಕ್ಕೆ ತಯಾರಾದ ಹೆಣಿಗೆಯ ವಾಲ್‌ಸ್ಟೆಂಟ್ ಅನ್ನೇ ವರ್ಷಗಟ್ಟಲೆ ಬಳಸಿದರು. ಅಮೆರಿಕದ ಮಿಸಿಸಿಪ್ಪಿಯಲ್ಲಿ ವೈದ್ಯರಾದ ನೆಗ್ಲೆನ್ ಮತ್ತು ರಾಜು 2007ರಲ್ಲಿ 982 ಪ್ರಕರಣಗಳ ಲೆಕ್ಕ ಕೊಟ್ಟರು: ಹೆಪ್ಪಿನಿಂದ ಕೆಟ್ಟ ನಾಳಗಳಲ್ಲಿ, ಅಗತ್ಯ ಬಿದ್ದಾಗ ಮತ್ತೆ ಸರಿಪಡಿಸಿದ್ದೂ ಸೇರಿ, ಆರು ವರ್ಷದ ನಂತರವೂ ಶೇ 86ರಷ್ಟು ತೆರೆದೇ ಇದ್ದವು. ಆದರೆ ಸ್ಟೆಂಟ್ ಹಾಕದವರ ಜೊತೆ ಹೋಲಿಸಿದ ಲೆಕ್ಕ ಇದಲ್ಲ. ಈ ಕೊರತೆ ಸಣ್ಣದೇನಲ್ಲ. ಹೊಸ ಹೆಪ್ಪನ್ನು ಕೂಡಲೇ ಕರಗಿಸಿ ತೆಗೆದರೆ ಮುಂದಿನ ಬಾಧೆ ತಪ್ಪುತ್ತದೆ ಎಂದೂ ಅನೇಕರು ನಂಬಿದ್ದರು. 2017ರಲ್ಲಿ 692 ರೋಗಿಗಳ ಪರೀಕ್ಷೆ ಆ ನಂಬಿಕೆಯನ್ನು ಕೆಡವಿತು: ತೆಗೆದವರಲ್ಲಿ ಶೇ 47, ತೆಗೆಯದವರಲ್ಲಿ ಶೇ 48 ಮಂದಿಗೆ ಆ ಬಾಧೆ ಬಂದೇ ಬಂತು.

ಅಭಿಧಮನಿಗೆಂದೇ ರೂಪಿಸಿದ ಸ್ಟೆಂಟ್‌ಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2019ರಲ್ಲಿ. ಅವುಗಳಲ್ಲಿ ವೀಚಿ ಎಂಬುದನ್ನು, ಜಾಗ ಬಿಟ್ಟು ಸರಿಯುವ ಅಪಾಯದಿಂದಾಗಿ 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಪಧಮನಿ ಮುಂದೆ ಹೋದಂತೆ ಕಿರಿದಾಗುತ್ತದೆ, ಅಭಿಧಮನಿ ಹೃದಯದ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಜಾರಿದ ಸ್ಟೆಂಟ್‌ಗೆ ಹೃದಯದವರೆಗೂ ದಾರಿ ಸಲೀಸು.

ಸ್ಟೆಂಟ್ ಕಟ್ಟು ಬಿಡಿಸುತ್ತದೆ, ಕವಾಟ ರಿಪೇರಿ ಮಾಡುವುದಿಲ್ಲ. ಹಾಗಾಗಿ ಹಾಕಿಸಿಕೊಂಡವರಲ್ಲೂ ಅನೇಕರು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವ ಮೊದಲು ಬಾವು ತಡೆಯುವ ಬಿಗಿಯಾದ ಕಾಲುಚೀಲವನ್ನು ಎಳೆದು ಹಾಕಿಕೊಳ್ಳುತ್ತಾರೆ.