ರಫ್ ಕಟ್ ನೋಡಿ ಬಣ್ಣ ಕೇಳಬೇಡಿ

"ಸರ, ಎಪಿಸೋಡ್ ಯಾಕೋ ಮಬ್ಬು ಮಬ್ಬು ಐತಲ್ರಿ? ಧ್ವನಿನೂ ಬರೋಬ್ಬರಿ ಇಲ್ಲ."

ಹುಬ್ಬಳ್ಳಿಯ ನಮ್ಮ ಎಡಿಟಿಂಗ್ ಕೋಣೆಗೆ ಈ ಫೋನ್ ಬಾರದ ವಾರವಿಲ್ಲ. ನಿರ್ಮಾಪಕರೊಬ್ಬರಿಗೇ ಅಂತ ಕಳಿಸಿದ ರಫ್ ಕಟ್, ಅಂದರೆ ದೃಶ್ಯಗಳನ್ನು ಜೋಡಿಸಿದ ಕಚ್ಚಾ ಪ್ರತಿ, ಅಷ್ಟೊತ್ತಿಗೆ ಅವರ ಬೀಗರ ಮೊಬೈಲನ್ನೂ ಸೇರಿರುತ್ತದೆ.

ಮಬ್ಬಾಗಿಯೇ ಇರುತ್ತದೆ. ಲಾಗ್‌ನಲ್ಲಿ (ಕ್ಯಾಮೆರಾದ ಒಂದು ಬಗೆಯ ರೆಕಾರ್ಡಿಂಗ್) ತೆಗೆದ ದೃಶ್ಯ ಗ್ರೇಡಿಂಗ್, ಅಂದರೆ ಬಣ್ಣ ತಿದ್ದುವ ಕೆಲಸ, ಆಗುವವರೆಗೂ ಮಾಸಿದ ಅಂಗಿಯಂತೆ ಕಾಣುತ್ತದೆ. ಬೆಳಕು, ನೆರಳಿನ ವಿವರ ಉಳಿಯಲೆಂದೇ ಹಾಗೆ ತೆಗೆಯುವುದು. ಮೂಲೆಯಲ್ಲಿ ಓಡುವ ಸಮಯದ ಅಂಕಿ (ಟೈಮ್‌ಕೋಡ್), ಎಲ್ಲಿಂದಲೋ ತಂದು ತಾತ್ಕಾಲಿಕವಾಗಿ ಹಚ್ಚಿದ ಹಿನ್ನೆಲೆ ಸಂಗೀತ, ಮಾತಿನೊಳಗೆ ನುಗ್ಗಿದ ಗದಗಿನ ಗಾಳಿ ಯಾವುದೂ ಪ್ರಸಾರಕ್ಕೆ ಹೋಗುವುದಿಲ್ಲ.

ಬಿಡಿಸಿ ಹೇಳಬೇಕಾದದ್ದು ಒಂದೇ: ಮೊದಲು ಕತ್ತರಿ, ಆಮೇಲೆ ಬಣ್ಣ. ನಿಯಮದಂತೆ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಇರಬಹುದು. ಅರ್ಧ ಗಂಟೆಯಲ್ಲಿ ಕಥೆಗೆ ಸಿಗುವುದು ಸಾಮಾನ್ಯವಾಗಿ 22ರಿಂದ 24 ನಿಮಿಷ. ರಫ್ ಕಟ್ 31 ನಿಮಿಷ ಇದ್ದರೆ ಏಳರಿಂದ ಒಂಬತ್ತು ನಿಮಿಷ ಹೋಗಲೇಬೇಕು. ಹೋಗುವ ದೃಶ್ಯಕ್ಕೆ ಬಣ್ಣ ಮಾಡಿಸಿದರೆ ದುಡ್ಡು ದಂಡ. ಇನ್ನು ಲಾಕ್ ಆದಮೇಲೆ, ಅಂದರೆ ಕತ್ತರಿ ಕೆಲಸ ಮುಗಿಯಿತೆಂದು ತೀರ್ಮಾನವಾದಮೇಲೆ, "ಒಂದ ಸೆಕೆಂಡ್ ತೆಗೀರಲ್ಲ" ಅಂದರೆ 25 ಫ್ರೇಮ್ (ಬಿಡಿ ಚಿತ್ರ) ಹೋದವು. ಅಲ್ಲಿಂದ ಮುಂದಿನ ಡಬ್ಬಿಂಗ್, ಸಂಗೀತ, ಸಬ್‌ಟೈಟಲ್ ಅಷ್ಟನ್ನೂ 25 ಫ್ರೇಮ್ ಹಿಂದಕ್ಕೆ ಸರಿಸಬೇಕು. ಒಂದೊಂದು ವಾಹಿನಿಯ ಲೆಕ್ಕ ಒಂದೊಂದು ಥರ ಇದ್ದೀತು, ಕೆಲಸದ ಕ್ರಮ ಬದಲಾದದ್ದನ್ನು ನಾನಂತೂ ಕಂಡಿಲ್ಲ.

ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಕಂತುಗಳ ಕಚ್ಚಾ ಪ್ರತಿಗಳು 2014ರಲ್ಲಿ ಸೋರಿಕೆಯಾದಾಗ ಅವೂ ಕಪ್ಪು-ಬಿಳುಪಿನಲ್ಲಿದ್ದವು, ಗ್ರಾಫಿಕ್ಸ್ ಪೂರ್ತಿಯಾಗಿರಲಿಲ್ಲ. ಆಗಸ್ಟ್ 23ರಿಂದ ಮನೆಗಳ ಟಿವಿಯಲ್ಲಿ ಬಂದದ್ದು ಮುಗಿದ ಕೆಲಸ. ಅಂಥ ದೊಡ್ಡ ಸಂಸ್ಥೆಯ ಕಂತಿಗೂ ಈ ಹಂತ ತಪ್ಪಿದ್ದಲ್ಲ ಅಂತ ನಮ್ಮವರಿಗೆ ಹೇಳಿ ಹೇಳಿ ಗಂಟಲು ಒಣಗಿದೆ.

ಹಾವೇರಿ ಕಡೆಯ ಯುವ ನಿರ್ದೇಶಕನೊಬ್ಬ ಒಮ್ಮೆ ತನ್ನ ತಾಯಿಯನ್ನು ಕರೆತಂದಿದ್ದ. ಮಬ್ಬು ಚಿತ್ರ, ಗೊಗ್ಗರು ಧ್ವನಿ. ಆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೊನೆಯವರೆಗೂ ನೋಡಿದರು. ಬಣ್ಣ ಹೇಗಿದೆಯೆಂದು ಮಗ ಕೇಳಿದರೆ, "ಬಣ್ಣಾ ನಾ ಎಲ್ಲಿ ನೋಡಿದ್ನೋ ತಮ್ಮಾ" ಅಂದವರು ಸ್ವಲ್ಪ ಸುಮ್ಮನಿದ್ದು, "ಆ ಹುಡುಗಿ ಬಾಗಲದಾಗ ನಿಂತು ಅಳೂದು ಭಾಳ ಹೊತ್ತಾತು ನೋಡು. ಆಕಿ ಒಳಗ ಹೋದ್ರ ಸಾಕಿತ್ತು" ಅಂದರು.

ರಫ್ ಕಟ್ ತೋರಿಸಿ ನಾವು ಕೇಳುವುದು ಈ ಮಾತನ್ನೇ. ಅಂದು ಸಂಜೆಯೇ 40 ಸೆಕೆಂಡ್ ತೆಗೆದೆವು.